ಬೆಸೆಯುವ ಕೈಗಳು: ಫಿರೋಜಾಬಾದಿನ ಬಳೆಯ ಚರಿತ್ರೆ

ಬಳೆಯ ಮೇಲೆ ನಮ್ಮಲ್ಲಿ ಪದ್ಯಕ್ಕೆ ಬರ ಇಲ್ಲ. ಬಳೆಗಾರನಿಗೆ ತವರಿನ ದಾರಿ ಹೇಳಿ ಕಳಿಸುವ ಹಾಡನ್ನು ನಮ್ಮ ಅವ್ವಂದಿರು ರಾಗಿ ಬೀಸುತ್ತಾ ಹಾಡಿದರು. ಓದಿದ ಕವಿಗಳು ಬಳೆಯ ಸದ್ದಿನಲ್ಲಿ ದಾಂಪತ್ಯದ ಸುಖ ಕೇಳಿಸಿಕೊಂಡರು. ಶಾಸ್ತ್ರದವರು ಅದನ್ನು ಮುತ್ತೈದೆತನದ ಗುರುತು ಮಾಡಿ, ಗಂಡ ಸತ್ತ ದಿನ ಅದೇ ಬಳೆಯನ್ನು ಒಡೆಸಿದರು. ಗಂಡಸರೋ, ಜಗಳಕ್ಕೆ ನಿಂತಾಗೆಲ್ಲ 'ನಾನೇನು ಕೈಗೆ ಬಳೆ ತೊಟ್ಕಂಡಿದೀನಾ' ಅಂತ ಮೀಸೆ ತಿರುವಿದರು. ತೊಟ್ಟವಳ ಕೈ ಗೊತ್ತು, ತೊಡಿಸಿದವನ ಕೈ ಗೊತ್ತು, ಒಡೆದವರ ಕೈಯೂ ಗೊತ್ತು. ಮಾಡಿದ ಕೈ ಯಾರದು ಅಂತ ಕೇಳಿದ ಸಾಲು ಮಾತ್ರ ನನ್ನ ಓದಿಗೆ ಸಿಕ್ಕಿಲ್ಲ.

ಇವತ್ತು ಕರ್ನಾಟಕದ ಯಾವ ಜಾತ್ರೆಯಲ್ಲಾದರೂ ಬಳೆ ಅಂಗಡಿಯ ಮುಂದೆ ನಿಂತು ಈ ಗಾಜು ಎಲ್ಲಿಯದು ಅಂತ ಕೇಳಿ. ಬಹಳ ಮಟ್ಟಿಗೆ ಬರುವ ಉತ್ತರ ಒಂದೇ: ಫಿರೋಜಾಬಾದ್. ಉತ್ತರ ಪ್ರದೇಶದ ಊರು. ಆಗ್ರಾದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರು. ಹೋದ ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋದೆ. ಆಗ್ರಾದಲ್ಲಿ ರೈಲು ಇಳಿದವರೆಲ್ಲ ತಾಜಮಹಲಿನ ಕಡೆಗೆ ಹೊರಟರು, ನಾನು ಫಿರೋಜಾಬಾದಿನ ಬಸ್ಸು ಹತ್ತಿದೆ. ತಾಜಮಹಲಿಗೂ ಈ ಬಳೆಗೂ ಒಂದು ಲೆಕ್ಕಾಚಾರ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಊರಿನ ಚರಿತ್ರೆ ಕೇಳಿದರೆ ಮೊದಲು ಬರುವವರು ರಾಜರು. ಪಕ್ಕದಲ್ಲೇ ಯಮುನೆಯ ದಂಡೆಯ ಮೇಲೆ ಚಂದವಾರ್ ಇದೆ. 1194ರಲ್ಲಿ ಘೋರಿಯ ಸೈನ್ಯ ಕನೌಜಿನ ಜಯಚಂದ್ರನನ್ನು ಸೋಲಿಸಿ ಕೊಂದದ್ದು ಅಲ್ಲೇ. ಫಿರೋಜಾಬಾದ್ ಅನ್ನುವ ಹೆಸರು ಅಕ್ಬರನ ಕಾಲದ ಫಿರೋಜ್ ಶಾ ಎಂಬ ಮನ್ಸಬ್‌ದಾರನಿಂದ ಬಂತು ಅಂತ ಊರವರ ಮಾತು. ಟೋಡರಮಲ್ಲ ಈ ದಾರಿಯಲ್ಲಿ ಯಾತ್ರೆ ಹೋಗುವಾಗ ಕಳ್ಳರು ಅಡ್ಡಗಟ್ಟಿ ದೋಚಿದರಂತೆ, ಆಗ ಬಾದಶಹ ಫಿರೋಜ್ ಶಾನನ್ನು ಕಳಿಸಿದನಂತೆ. ಯುದ್ಧ, ದರೋಡೆ, ಹುಕುಂ. ಗಾಜು ಈ ಕಥೆಯೊಳಗೆ ಎಲ್ಲೂ ಇಲ್ಲ. ದೊರೆಗಳ ಚರಿತ್ರೆ ಕೆಲಸದ ಕೈಗಳನ್ನು ಹೀಗೇ ದಾಟಿಕೊಂಡು ಹೋಗುತ್ತೆ. ನಮ್ಮ ಹಂಪಿಯಲ್ಲಿ ಕಲ್ಲು ಹೊತ್ತವರ ಪಾಡೂ ಇದೇ ಅಲ್ಲವೆ?

ಗಾಜಿನ ಕೆಲಸದವರನ್ನು ಅಲ್ಲಿ ಶೀಶಗರ್ ಅಂತ ಕರೆಯುತ್ತಾರೆ. ತಲೆತಲಾಂತರದಿಂದ ಇದೇ ಕಸುಬಿನ ಮುಸ್ಲಿಂ ಸಮುದಾಯ. ಬಳೆ ಮಾರುವವರು ಮಣಿಹಾರರು. ಫಿರೋಜಾಬಾದಿನ ಗಾಜಿಗೆ ಮೂಲಪುರುಷ ಅಂತ ಊರವರು ನೆನೆಯುವುದು ಹಾಜಿ ರುಸ್ತುಂ ಉಸ್ತಾದರನ್ನು. ಅವರ ಗೋರಿಯ ಹತ್ತಿರ ವರ್ಷವರ್ಷ ಜಾತ್ರೆ ನಡೆಯುತ್ತದೆ. ದೊರೆಯಲ್ಲದ, ಸಂತನೂ ಅಲ್ಲದ ಒಬ್ಬ ಕಸುಬಿನ ಮನುಷ್ಯನ ಹೆಸರಲ್ಲಿ ಜಾತ್ರೆ! ನನಗೆ ಈ ಊರಲ್ಲಿ ಬಹಳ ಹಿಡಿಸಿದ್ದು ಇದು.

ಹಳೆಯ ಕಾಲದಲ್ಲಿ ಗಾಜು ಹುಟ್ಟಿದ್ದು ಬರಡು ಮಣ್ಣಿನಿಂದ. ಗಂಗಾ ಯಮುನೆಯ ಬಯಲಲ್ಲಿ ಬೇಸಿಗೆಗೆ ನೆಲದ ಮೇಲೆ ಬೆಳ್ಳಗೆ ಉಕ್ಕುವ ಉಪ್ಪಿನಂಥ ಮಣ್ಣಿಗೆ 'ರೇಹ್' ಅಂತಾರೆ. ಬೆಳೆ ಬರದ ನೆಲ ಅದು. ನಮ್ಮ ಕಡೆ ಇದನ್ನೇ ಚೌಳು, ಸೌಳು ಅನ್ನುವುದು. ಅದರಲ್ಲಿರುವ ಕ್ಷಾರವೇ ಮರಳನ್ನು ಕರಗಿಸುತ್ತದೆ. ಇದು ದೂರದ ಊರಿನ ಸಂಗತಿ ಅಂದುಕೊಳ್ಳಬೇಡಿ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಇದೇ ಕೆಲಸ ನಡೆಯುತ್ತಿತ್ತು. ಟಿಪ್ಪು 1799ರಲ್ಲಿ ಬಿದ್ದ ಮೇಲೆ ಕಂಪನಿ ಸರ್ಕಾರ ಈ ಸೀಮೆಯಲ್ಲಿ ಏನೇನು ಸಿಗುತ್ತದೆ ಅಂತ ಪಟ್ಟಿ ಮಾಡಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800-01ರಲ್ಲಿ ತಿರುಗಿ 1807ರಲ್ಲಿ ಅಚ್ಚು ಹಾಕಿಸಿದ ಅವನ ಪುಸ್ತಕದಲ್ಲಿ ಮತ್ತೋಡಿನ ಗಾಜು ಇದೆ. ಕೋಟೆಗೋಡೆಗೆ ಒತ್ತಿ ಕಟ್ಟಿದ ಕುಲುಮೆಗಳು, ಬೆಣಚುಕಲ್ಲಿನ ಪುಡಿ, ಸೌಳು ಮಣ್ಣು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣ. ಹೆಚ್ಚು ಬೇಡಿಕೆ ಕಪ್ಪಿಗೆ. ಎಲ್ಲವನ್ನೂ ಬರೆದುಕೊಂಡ. ಹೊಸದುರ್ಗದ ಸುತ್ತ ಮೇಷ್ಟರಾಗಿರುವ ಗೆಳೆಯರು ಮಕ್ಕಳನ್ನು ಒಂದು ಸಲ ಮತ್ತೋಡಿಗೆ ಕರಕೊಂಡು ಹೋಗಿ ಈ ಮಾತು ಹೇಳಲಿ. ಪಾಠಪುಸ್ತಕದಲ್ಲಿ ಮದಕರಿನಾಯಕನ ಮದ್ದಾನೆ ಸಿಗುತ್ತೆ, ಈ ಕುಲುಮೆ ಸಿಗಲ್ಲ.

ಮತ್ತೋಡಿನ ಬೆಂಕಿ ಆರಿತು. ಫಿರೋಜಾಬಾದಿನದು ಉಳಿಯಿತು. ಅದೇನೂ ಸುಲಭಕ್ಕೆ ಉಳಿಯಲಿಲ್ಲ. ಇಪ್ಪತ್ತನೆ ಶತಮಾನದ ಆರಂಭಕ್ಕೆ ಆಸ್ಟ್ರಿಯಾ ಸಾಮ್ರಾಜ್ಯದ ಬೊಹೀಮಿಯಾದಿಂದ ಹಡಗುಗಟ್ಟಲೆ ಬಳೆ ಬರುತ್ತಿತ್ತು. ನಯವಾದ, ಹೊಳಪಿನ, ಅಗ್ಗದ ಬಳೆ. 1914ರ ಯುದ್ಧದಿಂದ ಆ ದಾರಿ ಮುಚ್ಚಿದ ಮೇಲೆ ಜಪಾನಿನ ಬಳೆ ಬಂತು. ಮಡಿವಂತರ ಮನೆಯ ಮುತ್ತೈದೆಯರ ಕೈಯಲ್ಲೂ ಸಮುದ್ರ ದಾಟಿದ ಮ್ಲೇಚ್ಛರ ಗಾಜು! ಶಾಸ್ತ್ರ ಆಗ ಕಣ್ಣು ಮುಚ್ಚಿಕೊಂಡಿತ್ತೇನೋ. ಈ ಪೈಪೋಟಿಯ ನಡುವೆ ಅಲ್ಲಿನ ಕಸುಬಿನವರು ವಿದೇಶಿ ಬಳೆಯ ನಯವನ್ನು ತಾವೇ ಕಲಿತು ಮಾರುಕಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. 1989ರ ಫೆಬ್ರುವರಿಯಲ್ಲಿ ಫಿರೋಜಾಬಾದ್ ಒಂದು ಜಿಲ್ಲೆಯೇ ಆಯಿತು.

ಬಳೆ ಆಗುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರಳು, ಸೋಡಾ, ಸುಣ್ಣ, ಒಡೆದ ಹಳೆಯ ಗಾಜು ಇವಿಷ್ಟನ್ನೂ ಸಾವಿರದ ಮುನ್ನೂರು ನಾನೂರು ಡಿಗ್ರಿ ಶಾಖದಲ್ಲಿ ಕರಗಿಸುತ್ತಾರೆ. ಉದ್ದ ಕಬ್ಬಿಣದ ಸಲಾಕೆಯ ತುದಿಗೆ ಕೆಂಡದಂಥ ಉಂಡೆ ಅಂಟಿಸಿಕೊಂಡು ಒಬ್ಬ ಓಡುತ್ತಾನೆ. ನಡೆಯುವ ಹಾಗಿಲ್ಲ, ನಡೆದರೆ ಗಾಜು ಗಟ್ಟಿಯಾಗುತ್ತೆ. ಇನ್ನೊಬ್ಬ ಅದನ್ನು ಬಣ್ಣ ಹಾಕಿ ತೀಡುತ್ತಾನೆ. ಮತ್ತೊಬ್ಬ ಅದರಿಂದ ಎಳೆ ಎಳೆಯುತ್ತಾನೆ. ಆ ಎಳೆ ತಿರುಗುವ ಬೇಲನ್‌ಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತೆ. ಆ ಸುರುಳಿಯನ್ನು ಕಳಚಿ ಉದ್ದಕ್ಕೆ ಗೀರಿ ಬಿಡಿಸಿದರೆ ಒಂದೊಂದೇ ಉಂಗುರ ಬೇರೆಯಾಗುತ್ತೆ. ಆದರೆ ಅದು ಇನ್ನೂ ಬಳೆ ಅಲ್ಲ. ಬಾಯಿ ಬಿಟ್ಟುಕೊಂಡ ಉಂಗುರ. ಎರಡು ತುದಿ ಮೇಲೆ ಕೆಳಗೆ ಸೊಟ್ಟಗೆ ನಿಂತಿರುತ್ತವೆ. ಹಾಗೇ ತೊಟ್ಟರೆ ಕೈ ಕೊಯ್ಯುತ್ತೆ.

ಕಾರ್ಖಾನೆಯ ಕೆಲಸ ಅಲ್ಲಿಗೆ ಮುಗಿಯಿತು. ಪ್ರವಾಸಿಗರು, ಫೋಟೋದವರು ನೋಡಿ ಬೆರಗಾಗುವುದೂ ಅಲ್ಲಿಗೇ. ಕೆಂಡದ ಉಂಡೆ, ಕತ್ತಲಲ್ಲಿ ಓಡುವ ಬೆವರಿನ ಮೈ, ಚಿತ್ರಕ್ಕೆ ಚೆನ್ನಾಗಿರುತ್ತೆ. ಅಲ್ಲಿಂದಾಚೆ ಆ ಬಾಯಿಬಿಟ್ಟ ಬಳೆಗಳನ್ನು ಹಗ್ಗದಲ್ಲಿ ಕಟ್ಟಿ, ಸುಮಾರು ಮುನ್ನೂರು ಬಳೆಯ ಒಂದೊಂದು ಕಟ್ಟು, ಅದಕ್ಕೆ ತೋಡಾ ಅನ್ನುತ್ತಾರೆ, ತಳ್ಳುಗಾಡಿಯಲ್ಲಿ ಹೇರಿ ಗಲ್ಲಿಗಳಿಗೆ ಕಳಿಸುತ್ತಾರೆ. ಮುಸ್ಲಿಮರ ಗಲ್ಲಿಗಳು, ದಲಿತರ ಗಲ್ಲಿಗಳು, ಹಿಂದುಳಿದವರ ಗಲ್ಲಿಗಳು. ನಮ್ಮ ಕೇರಿಗಳಿಗೆ ಬೀಡಿ ಎಲೆ ಬಂದ ಹಾಗೆ, ಊದುಬತ್ತಿ ಕಡ್ಡಿ ಬಂದ ಹಾಗೆ.

ನಾನು ಕೂತದ್ದು ಅಂಥ ಒಂದು ಮನೆಯಲ್ಲಿ. ಒಂದೇ ಕೋಣೆ. ನಾಲ್ಕು ಹೆಂಗಸರು, ಮುಂದೆ ನಾಲ್ಕು ಸಣ್ಣ ಉರಿ. ಹಿಂದೆ ಸೀಮೆಣ್ಣೆ ದೀಪ ಇತ್ತಂತೆ, ಈಗ ಗ್ಯಾಸು. ಒಬ್ಬಾಕೆ ಬಳೆಯನ್ನು ಉರಿಗೆ ಹಿಡಿದು ಸೊಟ್ಟ ತುದಿಗಳನ್ನು ಒಂದೇ ಮಟ್ಟಕ್ಕೆ ತರುತ್ತಾಳೆ. ಇದು ಸಧಾಯಿ. ಇನ್ನೊಬ್ಬಾಕೆ ಆ ತುದಿಗಳನ್ನು ಉರಿಯಲ್ಲಿ ಕರಗಿಸಿ ಒತ್ತಿ ಸೇರಿಸುತ್ತಾಳೆ. ಇದು ಜುಡಾಯಿ, ಬೆಸುಗೆ. ಉಂಗುರ ಬಳೆ ಆಗುವುದು ಈ ಗಳಿಗೆಯಲ್ಲಿ. ಹೊರಗೆ ಉರಿಬಿಸಿಲು, ಒಳಗೆ ಬೆಂಕಿ. ಗೋಡೆಗೆ ಫ್ಯಾನಿತ್ತು, ನಿಲ್ಲಿಸಿದ್ದರು. ಗಾಳಿ ಆಡಿದರೆ ಉರಿ ಓಲಾಡುತ್ತೆ, ಬೆಸುಗೆ ಕೆಡುತ್ತೆ, ಕೆಟ್ಟ ಬಳೆಗೆ ಕೂಲಿ ಇಲ್ಲ. ಹೀಗಾಗಿ ಮೇ ತಿಂಗಳ ನಡುಹಗಲಲ್ಲೂ ಫ್ಯಾನು ಹಾಕುವ ಹಾಗಿಲ್ಲ. ಕಣ್ಣು ಆ ಉರಿಯ ನೀಲಿ ತುದಿಯಲ್ಲೇ ನೆಟ್ಟಿರಬೇಕು. ನಡುವಯಸ್ಸಿನ ಹೆಂಗಸೊಬ್ಬಳು ಸೂಜಿಗೆ ದಾರ ಪೋಣಿಸಿಕೊಡು ಅಂತ ಮಗಳನ್ನು ಕೂಗಿದಳು. ಅವಳ ಹೆಬ್ಬೆರಳು ಮುಟ್ಟಿ ನೋಡಿದೆ, ಉಗುರಿನ ಕೆಳಗೆ ಚರ್ಮ ಕೊರಡಾಗಿತ್ತು. ಕುಲುಮೆಯ ಗಂಡಸರಿಗೆ ಮರಳಿನ ಧೂಳು ಎದೆಗೆ ಇಳಿದು ಬರುವ ಸಿಲಿಕೋಸಿಸ್, ಕ್ಷಯ. ಮನೆಯ ಹೆಂಗಸರಿಗೆ ಕಣ್ಣು.

ಮಕ್ಕಳು? ಎನ್‌ಸಿಇಆರ್‌ಟಿಯ ಹನ್ನೆರಡನೆ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಅನೀಸ್ ಜಂಗ್ ಬರೆದ ಪಾಠವೊಂದಿದೆ. ಅದರಲ್ಲಿ ಮೋಟಾರ್ ಮೆಕ್ಯಾನಿಕ್ ಆಗಬೇಕು ಅನ್ನುವ ಫಿರೋಜಾಬಾದಿನ ಒಬ್ಬ ಹುಡುಗ ಬರುತ್ತಾನೆ. ಲಕ್ಷಾಂತರ ಮಕ್ಕಳು ಅವನ ಮೇಲೆ ಟಿಪ್ಪಣಿ ಬರೆದು ಪಾಸಾಗಿದ್ದಾರೆ.

ಈಗ ತಾಜಮಹಲಿನ ಲೆಕ್ಕಾಚಾರ. 1984ರಲ್ಲಿ ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಹೋದರು. ಸುತ್ತಲ ಕಾರ್ಖಾನೆಗಳ ಕಲ್ಲಿದ್ದಲ ಹೊಗೆಯಿಂದ ತಾಜಿನ ಅಮೃತಶಿಲೆ ಹಳದಿಗೆ ತಿರುಗುತ್ತಿದೆ ಅಂತ. ತಾಜಿನ ಸುತ್ತ 10,400 ಚದರ ಕಿಲೋಮೀಟರಿನ ಒಂದು ವಲಯ ಗುರುತಾಗಿತ್ತು. ಫಿರೋಜಾಬಾದ್ ಅದರೊಳಗೆ ಬರುತ್ತದೆ. 1996ರ ಡಿಸೆಂಬರ್ 30ರಂದು ತೀರ್ಪು ಬಂತು: ವಲಯದಲ್ಲಿ ಕಲ್ಲಿದ್ದಲು ಸುಡಬಾರದು, ನೈಸರ್ಗಿಕ ಅನಿಲ ಬರಬೇಕು. ಕುಲುಮೆಗಳಿಗೆ ಗ್ಯಾಸಿನ ಕೊಳವೆ ಬಂತು, ಹೊಗೆ ಕಮ್ಮಿಯಾಯಿತು. ಒಳ್ಳೆಯದೇ ಆಯಿತು. ಜಾಗ ಬದಲಿಸಬೇಕಾದ ಕಾರ್ಖಾನೆಗಳ ಕಾರ್ಮಿಕರ ನೌಕರಿ, ಸಂಬಳ ಉಳಿಯಬೇಕು ಅಂತಲೂ ಕೋರ್ಟು ಹೇಳಿತು, ಅದನ್ನೂ ಮುಚ್ಚಿಡಬಾರದು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ, ಮನೆಯಲ್ಲಿ ಕೂತು ಬೆಸೆಯುವ ಹೆಂಗಸು ಯಾವ ಕಾರ್ಖಾನೆಯ ಕಾರ್ಮಿಕಳು?

ಅದೇ ತಿಂಗಳು, ಡಿಸೆಂಬರ್ 10ರಂದು, ಅದೇ ಮೆಹ್ತಾ ಹಾಕಿದ್ದ ಇನ್ನೊಂದು ಅರ್ಜಿಯ ತೀರ್ಪು ಬಂದಿತ್ತು. ಶಿವಕಾಶಿಯ ಬೆಂಕಿಪೊಟ್ಟಣದ ಮಕ್ಕಳ ಅರ್ಜಿ ಅದು. ಮಗುವನ್ನು ದುಡಿಸಿದ ಮಾಲೀಕ ತಲೆಗೆ 20,000 ರೂಪಾಯಿ ಕಟ್ಟಬೇಕು ಅಂದಿತು ಕೋರ್ಟು. ಮೊದಲು ಕೈಹಾಕಬೇಕಾದ ಅಪಾಯದ ಉದ್ದಿಮೆಗಳ ಪಟ್ಟಿಯಲ್ಲಿ ಫಿರೋಜಾಬಾದಿನ ಗಾಜನ್ನೂ ಹೆಸರಿಸಿತು. ಎರಡು ತೀರ್ಪಿನ ನಡುವೆ ಇಪ್ಪತ್ತು ದಿನ. ಕಲ್ಲಿನ ತೀರ್ಪಿಗೆ ಕೊಳವೆ ಬಂತು, ಮಕ್ಕಳ ತೀರ್ಪು ಮನೆಬಾಗಿಲಲ್ಲಿ ನಿಂತಿತು. ಯಾಕೆಂದರೆ 1986ರ ಬಾಲಕಾರ್ಮಿಕ ಕಾಯಿದೆಯಲ್ಲೇ ಒಂದು ಕಿಂಡಿ ಇತ್ತು. ಕುಟುಂಬದವರ ನೆರವಿನಿಂದ ನಡೆಸುವ ಕೆಲಸಕ್ಕೆ ನಿಷೇಧ ತಾಗುತ್ತಿರಲಿಲ್ಲ. ಮಾಲೀಕ ಕೆಲಸವನ್ನು ಮನೆಗೆ ಕಳಿಸಿಬಿಟ್ಟರೆ ಮಗು ಕಾರ್ಮಿಕ ಅಲ್ಲ, ಅವ್ವನಿಗೆ ಕೈಗೂಡಿಸುವ ಮಗ. 2016ರ ತಿದ್ದುಪಡಿ ಅಪಾಯದ ಕೆಲಸವನ್ನು ಹೊರಗಿಟ್ಟರೂ, ಶಾಲೆ ಬಿಟ್ಟ ಮೇಲೆ ಮನೆಯ ಉದ್ಯೋಗಕ್ಕೆ ನೆರವಾಗಬಹುದು ಅನ್ನುವ ಮಾತನ್ನು ಉಳಿಸಿಕೊಂಡಿತು. ಒಳಕೋಣೆಯಲ್ಲಿ ಯಾವುದು ನೆರವು, ಯಾವುದು ದುಡಿಮೆ ಅಂತ ಯಾವ ಇನ್ಸ್‌ಪೆಕ್ಟರು ಅಳೆಯಬೇಕು?

1996 ಅನ್ನುವ ವರ್ಷಕ್ಕೆ ಇನ್ನೂ ಒಂದು ಕಾಗದ ಸೇರಿದೆ. ಆ ಜೂನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದ ಕೂಲಿಗಳಿಗಾಗಿ 177ನೆಯ ಒಡಂಬಡಿಕೆ ಮಾಡಿತು. ಕಸಮುಸುರೆಯ ಮನೆಗೆಲಸ ಅಲ್ಲ, ಮನೆಯಲ್ಲಿ ಕೂತು ಬೇರೆಯವರಿಗೆ ಸರಕು ಮಾಡಿಕೊಡುವ ಕೆಲಸ. ಅವರೂ ಕಾರ್ಮಿಕರೇ, ಕಾರ್ಖಾನೆಯವರಿಗೆ ಸಮಾನರು ಅನ್ನುತ್ತದೆ ಅದು. ಭಾರತ ಇವತ್ತಿನ ತನಕ ಅದನ್ನು ಒಪ್ಪಿ ಸ್ಥಿರೀಕರಿಸಿಲ್ಲ. ನಮ್ಮ ಬೀಡಿ ಕಟ್ಟುವ ಅಕ್ಕಂದಿರಿಗೆ 1966ರಷ್ಟು ಹಿಂದೆಯೇ ಒಂದು ಕಾಯಿದೆ ಸಿಕ್ಕಿತ್ತು, ಹೋರಾಡಿ ಪಡೆದದ್ದು. ಬಳೆ ಬೆಸೆಯುವವರಿಗೆ ಅಂಥದ್ದು ಸಿಗಲಿಲ್ಲ.

ಹಾಗಾದರೆ ಗಾಜನ್ನು ತೊಡುವುದೇ ಬಿಡೋಣವೆ ಅಂತ ಜೊತೆಗಿದ್ದ ಗೆಳೆಯ ಕೇಳಿದ. ಅದಕ್ಕೂ ಚರಿತ್ರೆ ಇದೆ. ಕೇರಳದಲ್ಲಿ ಪುಲಯ ಹೆಂಗಸರು ಜಾತಿಯ ಗುರುತಾಗಿ ಕಲ್ಲು, ಗಾಜುಮಣಿಗಳ ಸರವನ್ನು ಕೊರಳಿಗೆ ಹಾಕಲೇಬೇಕಿತ್ತು. 1915ರಲ್ಲಿ ಅಯ್ಯಂಕಾಳಿಯವರ ಮಾತಿಗೆ ಕೊಲ್ಲಂ ಕಡೆಯ ಹೆಂಗಸರು ಅದನ್ನು ಕಿತ್ತೆಸೆದರು. ಮೇಲ್ಜಾತಿಯವರು ಗುಡಿಸಲುಗಳಿಗೆ ಬೆಂಕಿ ಇಟ್ಟರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಸಮ್ಮೇಳನದಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಅಸ್ಪೃಶ್ಯರೆಂದು ಸಾರಿ ಹೇಳುವ ಭಾರದ ಒಡವೆಗಳನ್ನು ಬಿಡಿ ಅಂದರು. ಕಿತ್ತೆಸೆದದ್ದು ಹೇರಿದ್ದನ್ನು. ಇಷ್ಟಪಟ್ಟು ತೊಟ್ಟ ಹಸಿರು ಬಳೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟು ಕೂಲಿಯ ಲೆಕ್ಕದ ಮೇಲೆ.

ಆ ಮನೆಯಲ್ಲಿ ಆ ಲೆಕ್ಕವೇ ನಡೆಯಿತು. ನಾನು ದಕ್ಷಿಣದವನು ಅಂತ ತಿಳಿದ ಮೇಲೆ, ಸೂಜಿಗೆ ದಾರ ಪೋಣಿಸಲಾಗದ ಆ ಹೆಂಗಸು ಕೇಳಿದಳು: ನಿಮ್ಮೂರ ಜಾತ್ರೆಯಲ್ಲಿ ಇಂಥ ಬಳೆ ಡಜನ್ನಿಗೆ ಎಷ್ಟು? ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅವಳ ಕೈ ನಿಂತಿತು. ಪಕ್ಕದವಳಿಗೆ ಮತ್ತೊಂದು ಸಲ ಹೇಳು ಅಂದಳು. ಹೇಳಿದೆ. ನಾಲ್ಕೂ ಜನ ಉರಿ ಸಣ್ಣ ಮಾಡಿದರು. ಶಾಲೆಗೆ ಹೋಗುವ ಮಗಳನ್ನು ಕರೆದು, ಡಜನ್ನಿಗೆ ಇಷ್ಟಾದರೆ ಒಂದು ತೋಡಾಕ್ಕೆ ಎಷ್ಟು ಅಂತ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಿಸಲು ಹೇಳಿದರು. ಹುಡುಗಿ ಗುಣಿಸಿ, ಅದರ ಕೆಳಗೆ ತನ್ನ ಅವ್ವನಿಗೆ ಒಂದು ತೋಡಾಕ್ಕೆ ಸಿಗುವ ಕೂಲಿಯನ್ನು ಬರೆದು, ನಡುವೆ ಗೆರೆ ಎಳೆದು, ಕಳೆಯತೊಡಗಿದಳು.