ವಸ್ತುಗಳ ಗಡಸುತನ ಪರೀಕ್ಷೆ: ವಿಧಾನಗಳು, ಉಪಕರಣಗಳು ಮತ್ತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ತನ್ನ ಮೇಲ್ಮೈಯನ್ನು ಒತ್ತುವ, ಗೀರುವ ಅಥವಾ ಸವೆಸುವ ಇನ್ನೊಂದು ವಸ್ತುವಿಗೆ ವಸ್ತುವೊಂದು ಒಡ್ಡುವ ಪ್ರತಿರೋಧವನ್ನು ಗಡಸುತನ ಅಥವಾ ಕಾಠಿಣ್ಯ ಎನ್ನಲಾಗುತ್ತದೆ. ಗೇರು, ಬೇರಿಂಗ್, ಕತ್ತರಿಸುವ ಉಪಕರಣ, ನೇಗಿಲಿನ ಕುಳ ಮುಂತಾದವುಗಳ ಬಾಳಿಕೆಯು ಬಹುಮಟ್ಟಿಗೆ ಈ ಗುಣವನ್ನು ಅವಲಂಬಿಸಿದೆ. ಗಡಸುತನ ಸಾಲದಿದ್ದಲ್ಲಿ ಭಾಗವು ಬೇಗನೆ ಸವೆಯುತ್ತದೆ; ಅಗತ್ಯಕ್ಕಿಂತ ಹೆಚ್ಚಾದಲ್ಲಿ ಉಕ್ಕು ಪೆಡಸಾಗಿ, ಪೆಟ್ಟು ಬಿದ್ದಾಗ ಮುರಿಯಬಹುದು.

ಗಡಸುತನವನ್ನು ಉದ್ದ ಅಥವಾ ತೂಕದಂತೆ ಒಂದೇ ಮಾನದಲ್ಲಿ ಅಳೆಯಲಾಗುವುದಿಲ್ಲ. ದೊರೆಯುವ ಸಂಖ್ಯೆಯು ಅನುಸರಿಸಿದ ವಿಧಾನಕ್ಕೆ ಬದ್ಧವಾಗಿರುತ್ತದೆ. ಉದಾಹರಣೆಗೆ, ರಾಕ್‌ವೆಲ್ 'ಸಿ' ಮಾನದಲ್ಲಿ 60 ಎಂಬುದು ಹದಗೊಳಿಸಿದ ಗಡಸು ಉಕ್ಕನ್ನು ಸೂಚಿಸಿದರೆ, ರಾಕ್‌ವೆಲ್ 'ಬಿ' ಮಾನದಲ್ಲಿ ಅದೇ 60 ಮೃದುವಾದ ಉಕ್ಕು ಅಥವಾ ಹಿತ್ತಾಳೆಯನ್ನು ಸೂಚಿಸುತ್ತದೆ. ಆದ್ದರಿಂದ ವಿಧಾನವನ್ನು ನಮೂದಿಸದ ಸಂಖ್ಯೆಯನ್ನು ನಂಬಿ ಮಾಲು ಖರೀದಿಸುವುದಾಗಲಿ, ಸರಬರಾಜು ಮಾಡುವುದಾಗಲಿ ನಷ್ಟಕ್ಕೆ ಕಾರಣವಾಗಬಹುದು.

2. ಪ್ರಮುಖ ವಿಧಾನಗಳು

ಅ) ಬ್ರಿನೆಲ್ ವಿಧಾನ: ಸ್ವೀಡನ್ನಿನ ಎಂಜಿನಿಯರ್ ಯೋಹಾನ್ ಆಗಸ್ಟ್ ಬ್ರಿನೆಲ್ ಇದನ್ನು 1900ರಲ್ಲಿ ಪ್ರಕಟಪಡಿಸಿದರು. ಟಂಗ್‌ಸ್ಟನ್ ಕಾರ್ಬೈಡ್ ಗುಂಡನ್ನು ನಿಗದಿತ ಭಾರದಿಂದ ಲೋಹದ ಮೇಲೆ ಒತ್ತಿ, ಉಂಟಾದ ಗುಳಿಯ ವ್ಯಾಸವನ್ನು ಸೂಕ್ಷ್ಮದರ್ಶಕದಿಂದ ಅಳೆಯಲಾಗುತ್ತದೆ. ಉಕ್ಕು ಮತ್ತು ಎರಕದ ಕಬ್ಬಿಣಕ್ಕೆ ಸಾಮಾನ್ಯವಾಗಿ 10 ಮಿ.ಮೀ. ವ್ಯಾಸದ ಗುಂಡು ಹಾಗೂ 3000 ಕಿ.ಗ್ರಾಂ. ಬಲ ಬಳಸಲಾಗುತ್ತದೆ. ಗುಳಿಯು ದೊಡ್ಡದಾಗಿರುವುದರಿಂದ, ಒರಟು ರಚನೆಯುಳ್ಳ ಎರಕದ ವಸ್ತುಗಳ ಸರಾಸರಿ ಗಡಸುತನ ತಿಳಿಯಲು ಈ ವಿಧಾನ ಸೂಕ್ತ. 650ಕ್ಕಿಂತ ಹೆಚ್ಚಿನ ಬ್ರಿನೆಲ್ ಗಡಸುತನಕ್ಕೆ ಇದು ಅನ್ವಯಿಸುವುದಿಲ್ಲ.

ಆ) ರಾಕ್‌ವೆಲ್ ವಿಧಾನ: ಅಮೆರಿಕದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಇದಕ್ಕೆ 1914ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. ಇದರಲ್ಲಿ ಗುಳಿಯ ಅಗಲದ ಬದಲು ಆಳವನ್ನು ಅಳೆಯಲಾಗುತ್ತದೆ. ಫಲಿತಾಂಶವು ಯಂತ್ರದ ಮೇಲೆಯೇ ನೇರವಾಗಿ ದೊರೆಯುತ್ತದೆ. ಮೊದಲು 10 ಕಿ.ಗ್ರಾಂ. ಪ್ರಾಥಮಿಕ ಬಲವನ್ನು, ನಂತರ ಮುಖ್ಯ ಬಲವನ್ನು ಹಾಕಲಾಗುತ್ತದೆ. 'ಸಿ' ಮಾನದಲ್ಲಿ 120 ಡಿಗ್ರಿ ಕೋನದ ವಜ್ರದ ಶಂಕು ಹಾಗೂ ಒಟ್ಟು 150 ಕಿ.ಗ್ರಾಂ. ಬಲ, 'ಬಿ' ಮಾನದಲ್ಲಿ 1.588 ಮಿ.ಮೀ. ವ್ಯಾಸದ ಗುಂಡು ಹಾಗೂ ಒಟ್ಟು 100 ಕಿ.ಗ್ರಾಂ. ಬಲ ಬಳಕೆಯಾಗುತ್ತವೆ.

ಇ) ವಿಕರ್ಸ್ ವಿಧಾನ: ಇಂಗ್ಲೆಂಡಿನ ವಿಕರ್ಸ್ ಕಂಪನಿಯಲ್ಲಿ 1920ರ ದಶಕದಲ್ಲಿ ರೂಪುಗೊಂಡ ಈ ವಿಧಾನದಲ್ಲಿ 136 ಡಿಗ್ರಿ ಕೋನದ, ಚೌಕ ತಳದ ವಜ್ರದ ಪಿರಮಿಡ್ಡನ್ನು ಒತ್ತಿ, ಗುಳಿಯ ಎರಡೂ ಕರ್ಣಗಳನ್ನು ಅಳೆಯಲಾಗುತ್ತದೆ. ಅತಿ ಕಡಿಮೆ ಭಾರದಲ್ಲಿಯೂ ಪರೀಕ್ಷೆ ಸಾಧ್ಯವಾದ್ದರಿಂದ ತೆಳು ಹಾಳೆ, ಲೇಪನ ಮತ್ತು ಮೇಲ್ಪದರವನ್ನಷ್ಟೇ ಗಡಸುಗೊಳಿಸಿದ ಭಾಗಗಳಿಗೆ ಇದು ಸೂಕ್ತ.

ಈ) ಇತರೆ ವಿಧಾನಗಳು: ರಬ್ಬರ್ ಮತ್ತು ಮೃದು ಪ್ಲಾಸ್ಟಿಕ್‌ಗಳಿಗೆ ಶೋರ್ ಡ್ಯೂರೋಮೀಟರ್ ಬಳಸಲಾಗುತ್ತದೆ. ಸ್ಥಳಾಂತರಿಸಲಾಗದ ದೊಡ್ಡ ಯಂತ್ರಭಾಗಗಳಿಗೆ, ಪುಟಿಯುವ ವೇಗವನ್ನು ಅಳೆಯುವ ಲೀಬ್ ಮಾದರಿಯ ಕೈಉಪಕರಣಗಳಿವೆ. ಖನಿಜಗಳಿಗೆ 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ 1ರಿಂದ 10ರ ಗೀರು ಮಾನ ಬಳಕೆಯಲ್ಲಿದೆ.

3. ಭಾರತೀಯ ಮಾನಕಗಳು

ಲೋಹಗಳ ಬ್ರಿನೆಲ್ ಪರೀಕ್ಷೆಗೆ ಐ.ಎಸ್. 1500, ವಿಕರ್ಸ್ ಪರೀಕ್ಷೆಗೆ ಐ.ಎಸ್. 1501 ಹಾಗೂ ರಾಕ್‌ವೆಲ್ ಪರೀಕ್ಷೆಗೆ ಐ.ಎಸ್. 1586 ಮಾನಕಗಳು ಅನ್ವಯಿಸುತ್ತವೆ.

4. ವಿಧಾನದ ಆಯ್ಕೆ ಮತ್ತು ಮಾದರಿಯ ಸಿದ್ಧತೆ

ಮಾದರಿಯ ದಪ್ಪವು ಗುಳಿಯ ಆಳಕ್ಕೆ ಹೋಲಿಸಿದಲ್ಲಿ ಸಾಕಷ್ಟಿರಬೇಕು. ಬ್ರಿನೆಲ್ ಪರೀಕ್ಷೆಗೆ ಆಳದ ಕನಿಷ್ಠ 8 ಪಟ್ಟು, ವಜ್ರದ ಶಂಕು ಬಳಸುವ ರಾಕ್‌ವೆಲ್ ಪರೀಕ್ಷೆಗೆ ಕನಿಷ್ಠ 10 ಪಟ್ಟು ದಪ್ಪ ಅಗತ್ಯ. ರಾಕ್‌ವೆಲ್ 'ಸಿ' ಮಾನದ ಒಂದು ಅಂಕವು 0.002 ಮಿ.ಮೀ. ಆಳಕ್ಕೆ ಸಮ. 60 ಅಂಕ ಬಂದಾಗ, 100ಕ್ಕೆ ಕಡಿಮೆಯಿರುವ 40 ಅಂಕಗಳಿಂದ ಆಳವು 0.08 ಮಿ.ಮೀ. ಎಂದಾಗುತ್ತದೆ, ಆದ್ದರಿಂದ ಕನಿಷ್ಠ 0.8 ಮಿ.ಮೀ. ದಪ್ಪ ಬೇಕು. ಕೇವಲ 0.5 ಮಿ.ಮೀ. ಗಡಸು ಪದರವುಳ್ಳ ಗೇರನ್ನು ಈ ಮಾನದಲ್ಲಿ ಪರೀಕ್ಷಿಸಿದಲ್ಲಿ ಒಳಗಿನ ಮೃದು ಲೋಹದ ಪ್ರಭಾವವೂ ಸೇರಿ, ಉತ್ತಮ ಭಾಗವು ದೋಷಯುಕ್ತವೆಂದು ತೋರಬಹುದು. ಇಂತಹ ಭಾಗಗಳಿಗೆ ಕಡಿಮೆ ಭಾರದ ವಿಕರ್ಸ್ ಪರೀಕ್ಷೆಯನ್ನು ಕೋರುವುದು ಸೂಕ್ತ.

ಪರೀಕ್ಷಿಸುವ ಮೇಲ್ಮೈ ಸಮತಟ್ಟಾಗಿದ್ದು, ತುಕ್ಕು, ಎಣ್ಣೆ ಮತ್ತು ಬಣ್ಣದಿಂದ ಮುಕ್ತವಾಗಿರಬೇಕು. ಉಜ್ಜುವಾಗ ಲೋಹ ಬಿಸಿಯಾದರೆ ಅದರ ಗಡಸುತನವೇ ಬದಲಾಗುವುದರಿಂದ ಎಚ್ಚರ ವಹಿಸತಕ್ಕದ್ದು. ಪರೀಕ್ಷೆಯಿಂದ ಗುಳಿ ಉಳಿಯುವ ಕಾರಣ, ಸಿದ್ಧ ಭಾಗಗಳಲ್ಲಿ ಎಲ್ಲಿ ಪರೀಕ್ಷಿಸಬಹುದೆಂಬುದನ್ನು ಅರ್ಜಿದಾರರು ಮೊದಲೇ ಗುರುತಿಸಬೇಕು.

5. ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

(1) ವಸ್ತುವಿನ ಹೆಸರು ಮತ್ತು ದರ್ಜೆ.
(2) ಶಾಖ ಸಂಸ್ಕರಣೆ ಆಗಿದ್ದಲ್ಲಿ ಅದರ ವಿವರ ಹಾಗೂ ಗಡಸು ಪದರದ ದಪ್ಪ.
(3) ಖರೀದಿ ಆದೇಶದಲ್ಲಿ ಸೂಚಿಸಿರುವ ವಿಧಾನ, ಮಾನ ಮತ್ತು ಮಾನಕದ ಸಂಖ್ಯೆ.
(4) ಪರೀಕ್ಷಿಸಬೇಕಾದ ಸ್ಥಳಗಳು ಮತ್ತು ಅವುಗಳ ಸಂಖ್ಯೆ.

6. ವರದಿಯ ಪರಿಶೀಲನೆ

ವರದಿಯಲ್ಲಿ ವಿಧಾನ, ಬಲ, ಮಾನಕ ಮತ್ತು ಪ್ರತಿಯೊಂದು ಅಳತೆಯೂ ಪ್ರತ್ಯೇಕವಾಗಿ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಒಂದು ಮಾನದಿಂದ ಇನ್ನೊಂದಕ್ಕೆ ಕೋಷ್ಟಕದ ಮೂಲಕ ಪರಿವರ್ತಿಸಿದ ಅಂಕಗಳು ಅಂದಾಜು ಮಾತ್ರ. ಅವು ಪರಿವರ್ತಿತ ಅಂಕಗಳೆಂದು ವರದಿಯಲ್ಲಿ ಸ್ಪಷ್ಟವಾಗಿ ನಮೂದಾಗಿರಬೇಕು. ಯಂತ್ರದ ಮಾಪನಾಂಕ ನಿರ್ಣಯ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಅಗತ್ಯ. ಖರೀದಿದಾರರು ಕೋರಿದಲ್ಲಿ, ಎನ್.ಎ.ಬಿ.ಎಲ್. ಮಾನ್ಯತೆಯು ಸದರಿ ಪರೀಕ್ಷೆಗೂ ಅನ್ವಯಿಸುವುದೇ ಎಂಬುದನ್ನು ಮಾದರಿ ಸಲ್ಲಿಸುವ ಮುನ್ನವೇ ತಿಳಿದುಕೊಳ್ಳತಕ್ಕದ್ದು.