ಪತ್ತನಾಜೆಯ ಮದ್ದು

ಪುತ್ತೂರು, ಸುಳ್ಯ, ಕಡಬದ ಕಡೆ ಜೂನ್ ತಿಂಗಳಲ್ಲಿ ಇಬ್ಬರು ಕೃಷಿಕರು ಎದುರಾದರೆ ಮೊದಲ ಮಾತು "ಒಂದನೇ ಮದ್ದು ಆಯ್ತಾ?" ಎಂದೇ. ಯಾವ ಮದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ, ಅಂದರೆ ನಮ್ಮ ಮಹಾಳಿಗೆ ಬಿಡುವ ಬೋರ್ಡೋ ದ್ರಾವಣ. ಇದಕ್ಕೆ ನೂರು ವರ್ಷ ಮೀರಿದ ಚರಿತ್ರೆ ಉಂಟು. ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಅದನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ಮದ್ದಿನ ಮೂಲ ಫ್ರಾನ್ಸ್ ದೇಶದ ಬೋರ್ಡೋ ಪ್ರದೇಶ. ದಾರಿಬದಿಯ ದ್ರಾಕ್ಷಿಯನ್ನು ಯಾರೂ ಕಿತ್ತು ತಿನ್ನಬಾರದೆಂದು ಅಲ್ಲಿಯವರು ಮೈಲುತುತ್ತು, ಸುಣ್ಣ ಕಲಸಿ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗಳಿಗೆ ಬೂಜುರೋಗ ತಾಗದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳರಿಗೆಂದು ಮಾಡಿದ್ದು ರೋಗಕ್ಕೆ ಮದ್ದಾಯಿತು!

ಅಡಿಕೆಯ ವಿಷಯದಲ್ಲಿ ನೆನೆಯಬೇಕಾದವರು ಡಾ. ಲೆಸ್ಲಿ ಕೋಲ್ಮನ್. ಕೆನಡಾದವರಾದ ಇವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕೊಳೆರೋಗದ ಬಗ್ಗೆ 1910ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅದುವರೆಗೆ ಮಲೆನಾಡಿನವರು ಮಳೆಗಾಲಕ್ಕೆ ಮೊದಲೇ ಮರ ಹತ್ತಿ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ರೋಗಕ್ಕೆ ಕಾರಣ ಒಂದು ಶಿಲೀಂಧ್ರ, ಕಾಯಿಯ ಮೇಲೆ ನಿಂತ ಮಳೆನೀರೇ ಅದಕ್ಕೆ ದಾರಿ ಎಂದು ಕೋಲ್ಮನ್ ತೋರಿಸಿದರು. ಶಿಲೀಂಧ್ರದ ಹೆಸರು ಗೊತ್ತಿಲ್ಲದಿದ್ದರೂ, ಕಾಯಿ ನೆನೆಯಬಾರದು ಎಂಬ ಗುಟ್ಟು ಕೊಟ್ಟೆ ಕಟ್ಟಿದವರಿಗೆ ತಿಳಿದೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೋರ್ಡೋ ರೋಗ ಗುಣಪಡಿಸುವ ಮದ್ದಲ್ಲ, ಬಾರದಂತೆ ತಡೆಯುವ ಲೇಪ. ಕಾಯಿಯ ಒಳಗೆ ಹೊಕ್ಕ ಶಿಲೀಂಧ್ರವನ್ನು ಅದು ಏನೂ ಮಾಡದು. ಆದ್ದರಿಂದಲೇ ಪತ್ತನಾಜೆ ಕಳೆದು, ಮಳೆ ಹಿಡಿಯುವ ಮೊದಲು ಒಂದನೇ ಮದ್ದು. ಆಮೇಲೆ ಮಳೆಗೆ ಲೇಪ ತೊಳೆದುಹೋಗುತ್ತದೆ. ಕಾಯಿಯೂ ದಪ್ಪವಾಗುತ್ತಾ ಹೋಗುವುದರಿಂದ ಇದ್ದ ಲೇಪ ಸಾಲದು. 40-45 ದಿನಕ್ಕೆ, ಆಟಿಯ ಹೊತ್ತಿಗೆ, ಎರಡನೆಯದು. ಮಳೆ ಎಳೆದರೆ ಮೂರನೆಯದು. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ದಿನದ ಲೆಕ್ಕದಲ್ಲಿಯೇ ಎಡವುವುದು. ಕಳೆನಾಶಕ ಬಿಡುವವರೂ ಹೀಗೆಯೇ ಕಳೆಯ ಪ್ರಾಯ, ಆಕಾಶದ ಬಣ್ಣ ಎರಡನ್ನೂ ನೋಡಬೇಕಷ್ಟೆ.

ಕೋಲ್ಮನ್ ಕೆಲಸ ಮಾಡುವಾಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಅದೇ ಕಾಲಕ್ಕೆ, 1909ರಲ್ಲಿ, ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘಕ್ಕೆ ಅಡಿಪಾಯ ಹಾಕಿದರು. ಎರಡಕ್ಕೂ ನೇರ ಸಂಬಂಧವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಮದ್ದಿನ ದುಡ್ಡು ಬೇಕಾಗುವುದು ಮೇ ತಿಂಗಳಲ್ಲಿ, ಅಡಿಕೆ ಕೈಸೇರುವುದು ಎಷ್ಟೋ ತಿಂಗಳ ಮೇಲೆ. ನಡುವಿನ ಈ ಅಂತರವನ್ನು ತುಂಬುವುದೇ ಸಂಘದ ಬೆಳೆಸಾಲ. ಜೂನ್ ಕೊನೆಗೆ ಸಿಕ್ಕಿದ ಸಾಲದಿಂದ ತುತ್ತು ತಂದರೆ ಗೊನೆಯಲ್ಲಿ ಕಾಯಿ ಉಳಿದಿರಬೇಕಲ್ಲ?

1956ರಲ್ಲಿ ಪಕ್ಕದ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾಯಿತು. 1970ರಿಂದ ಅದು ಸಿಪಿಸಿಆರ್‌ಐ ಅಡಿಯಲ್ಲಿದೆ. ಹೊಸ ಮದ್ದುಗಳು ಬಂದರೂ ಬೋರ್ಡೋ ಹೋಗಲಿಲ್ಲ. ಆದರೆ 2013ರಲ್ಲಿ, ಮತ್ತೆ 2018ರಲ್ಲಿ, ಮಳೆ ಬಿಡದೆ ಸುರಿದಾಗ ಒಳ್ಳೊಳ್ಳೆಯ ತೋಟಗಳಲ್ಲೂ ಕಾಯಿ ಉದುರಿ ಬುಡ ತುಂಬಿತು. ಲೇಪ ಒಣಗಲು ಕೆಲವು ಗಂಟೆಯಾದರೂ ಹೊಳವು ಬೇಕು. ಅದೇ ಸಿಗಲಿಲ್ಲ.

ಈಗಿನ ತೊಂದರೆ ಬೇರೆ. ಮರ ಹತ್ತುವವರು ಕಡಿಮೆ. ಒಬ್ಬನೇ ಹತ್ತಾರು ತೋಟಕ್ಕೆ ಹೋಗಬೇಕು, ಕೊನೆಯ ತೋಟಕ್ಕೆ ಅವನು ತಲುಪುವಾಗ ಮಳೆ ಹಿಡಿದಾಗಿರುತ್ತದೆ. ಹಾಗೆ ಕಾಯುವವರಲ್ಲಿ ಹೆಚ್ಚಿನವರು ಎಕರೆ, ಅರ್ಧ ಎಕರೆಯವರು. ಇತ್ತೀಚೆಗೆ ನೆಲದಲ್ಲಿ ನಿಂತೇ ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಒಬ್ಬೊಬ್ಬರಿಗೆ ಕೊಳ್ಳಲು ಅದು ದುಬಾರಿ. ಊರಿಗೆ ಎರಡು ದೋಟಿ ಸಂಘದಿಂದಲೇ ಬಾಡಿಗೆಗೆ ಸಿಕ್ಕಿದರೆ ಕೊನೆಯ ತೋಟಕ್ಕೂ ಪತ್ತನಾಜೆಯ ವಾರದಲ್ಲೇ ಮದ್ದು ಆದೀತು.