ಅರಮನೆ ಮೈದಾನದಲ್ಲಿ ರಾತ್ರಿ ಹತ್ತು ಗಂಟೆ

📸 1/6
ಹೆಗ್ಗನಹಳ್ಳಿ ಕ್ರಾಸ್, ಮಧ್ಯಾಹ್ನ 1 ಗಂಟೆ. ಟಾಟಾ ಏಸ್ ಒಳಗೆ ನಾಲ್ಕು ಬೇಸ್, ನಾಲ್ಕು ಟಾಪ್, ಒಂದು ಕನ್ಸೋಲ್, ಅಕ್ಕಿ ಚೀಲದ ತುಂಬ ವೈರು, ಅದರ ಮೇಲೆ ನಾನು. ನಮ್ಮ ದೊಡ್ಡಪ್ಪನ ಮಗ ಡಿಜೆ. ಕಾಲೇಜಿಗೆ ರಜೆ ಇದ್ದಾಗ ನಾನು ಅವನ ವೈರ್ ಹುಡುಗ. ಇಷ್ಟು ದಿನ ಗಣೇಶನ ಪೆಂಡಾಲ್, ಸುಂಕದಕಟ್ಟೆ ಛತ್ರ, ಲಗ್ಗೆರೆ ಬರ್ತ್‌ಡೇ ಅಂತ ಓಡಾಡಿದ್ದೆವು. ಇವತ್ತು ಬೆಂಗಳೂರು ಅರಮನೆ ಮೈದಾನದಲ್ಲಿ ಒಂದು ರಿಸೆಪ್ಷನ್. ಗೊರಗುಂಟೆಪಾಳ್ಯ ದಾಟಿ ಮೇಖ್ರಿ ಸರ್ಕಲ್ ಬರೋವರೆಗೂ ಅಣ್ಣನದು ಒಂದೇ ಮಾತು: "ಅಲ್ಲಿ ಮೆಟಾಲಿಕಾ ಬಾರಿಸಿದ್ದಾರೆ ಕಣೋ!" ನಿಜ. 2011ರ ಅಕ್ಟೋಬರ್ 30ರಂದು. ಅದಕ್ಕೂ ಮೊದಲು 2007ರ ಮಾರ್ಚ್‌ನಲ್ಲಿ ಐರನ್ ಮೇಡನ್.

📸 2/6
ಮರಗಳ ಆ ಕಡೆ ಕಾಣ್ತಿರೋ ಗೋಪುರಗಳು ಅರಮನೆಯವು. ಇದನ್ನ ರಾಜರೇ ಕಟ್ಟಿಸಿದ್ದು ಅಂದ್ಕೊಂಡಿದ್ದೆ. ಅಲ್ಲ! ಮೂಲ ಕಟ್ಟಡ ರೆವರೆಂಡ್ ಗ್ಯಾರೆಟ್ ಅನ್ನೋ ಇಂಗ್ಲಿಷ್ ಮೇಷ್ಟ್ರದ್ದು. ಮುಂದೆ ಸೆಂಟ್ರಲ್ ಕಾಲೇಜ್ ಆದ ಶಾಲೆಯ ಮುಖ್ಯಸ್ಥರು ಅವರು. 1831ರಿಂದ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಲಿತ್ತು. ರಾಜಕುಮಾರ ಚಾಮರಾಜೇಂದ್ರ ಒಡೆಯರ್ ಇನ್ನೂ ಹುಡುಗ. ಅವರ ಹಣದಲ್ಲೇ, ಅವರಿಗೋಸ್ಕರ ಅಂತ, ಬ್ರಿಟಿಷರು 1873ರಲ್ಲಿ ಈ ಮನೆ ಕೊಂಡರು. ಆಗ ರಾಜನಿಗೆ ಹತ್ತೇ ವರ್ಷ! ರಾಜ್ಯ ಅವರ ಕೈಗೆ ಬಂದದ್ದು 1881ರಲ್ಲಿ. ಅಂದ್ರೆ ಅಧಿಕಾರಕ್ಕಿಂತ ಎಂಟು ವರ್ಷ ಮುಂಚೆ ಅರಮನೆ ಬಂತು.

📸 3/6
ಈಗ ಡಿಜೆಗಳಿಗೆ ಇಷ್ಟ ಆಗೋ ಕಥೆ. ಇದೇ ಮನೆತನದ ಜಯಚಾಮರಾಜ ಒಡೆಯರ್ (1919–1974) ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ಜೊತೆಗೆ ಗ್ರಾಮಫೋನ್ ರೆಕಾರ್ಡ್ ಹುಚ್ಚು. ಅವರ ಹತ್ತಿರ ಅಂದಾಜು 20 ಸಾವಿರ ರೆಕಾರ್ಡ್ ಇದ್ದವಂತೆ. ಲಂಡನ್ನಿನಲ್ಲಿ ಕಾಯಿಲೆ, ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನ ರೆಕಾರ್ಡ್ ಮಾಡಿಸೋಕೆ 1940ರ ದಶಕದ ಕೊನೇಲಿ ದುಡ್ಡು ಕೊಟ್ಟವರು ಇವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನ ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆಯ್ತಲ್ಲ, ಅದಕ್ಕೂ ಇವರ ಹಣದ ಭರವಸೆ ಇತ್ತು. ಅಲ್ಲಿಗೆ ಹೋಗೋಕೆ ಆಗದ ಮಹಾರಾಜರಿಗೆ ಅಂತ ಅದನ್ನ ರೆಕಾರ್ಡ್ ಮಾಡಿದರು. ನಾನು ಇದನ್ನ ಹೇಳಿದ್ದಕ್ಕೆ ಅಣ್ಣ, "ನಮಗೆ ಅಡ್ವಾನ್ಸ್ ಕೊಡೋಕೇ ಒದ್ದಾಡ್ತಾರೆ" ಅಂದ 😄

📸 4/6
ಸಂಜೆ ವರಪೂಜೆಗೆ ವಾಲಗದವರು ಬಂದರು. ಎರಡು ನಾದಸ್ವರ, ಒಂದು ಡೋಲು, ಒಂದು ತಾಳ. ನಮ್ಮ ತಾತನೂ ಊರಲ್ಲಿ ಡೋಲು ಬಾರಿಸ್ತಿದ್ದವರು, ಅದಕ್ಕೆ ನನ್ನ ಕಣ್ಣು ಅಲ್ಲೇ. ನಾವು ಸೌಂಡ್ ಚೆಕ್ ಶುರು ಮಾಡಿದ್ವಿ, ಒಂದೇ ಬೇಸ್‌ಗೆ ವಾಲಗ ಮುಳುಗಿಹೋಯ್ತು. ಡೋಲಿನ ಅಜ್ಜ ಬೈಲಿಲ್ಲ. "ನಮ್ದು ಇನ್ನು ಹತ್ತು ನಿಮಿಷ ಐತೆ, ಆಮೇಲೆ ನಿಮ್ದೇ" ಅಂದರು. ಅಣ್ಣ ಫೇಡರ್ ಪೂರ್ತಿ ಇಳಿಸಿದ. ಧಾರೆ ಹೊತ್ತಲ್ಲಿ ಗಟ್ಟಿಮೇಳ ಯಾಕೆ ಅಂತ ಅಜ್ಜನೇ ಹೇಳಿದರು: ಸೀನು, ಅಳು, ಕೆಟ್ಟ ಮಾತು ಯಾವುದೂ ಆ ಗಳಿಗೇಲಿ ಕಿವಿಗೆ ಬೀಳಬಾರದು ಅಂತ. "ಎರಡು ನಿಮಿಷಕ್ಕೆ ಮಾತ್ರ. ಆಮೇಲೆ ಕಿವಿ ಬಿಡಬೇಕು."

📸 5/6
ರಾತ್ರಿ 9:50. ಹುಲ್ಲುಹಾಸಿನ ಮೇಲೆ ಮುನ್ನೂರು ಜನ ಕುಣೀತಿದ್ದಾರೆ. ಬುಕ್ ಮಾಡಿದ್ದ ಯಜಮಾನರು ಬಂದು "12ರವರೆಗೂ ಓಡಿಸಿ, ನಾನು ನೋಡ್ಕೋತೀನಿ" ಅಂದರು. ಹತ್ತಕ್ಕೆ ಅಣ್ಣ ಆಫ್ ಮಾಡಿದ. ಬೈಗುಳ ಬಿತ್ತು. ಬರಬೇಕಿದ್ದ ಬಾಕಿಯಲ್ಲಿ ಅರ್ಧ ಕಟ್. ಆ ತಿಂಗಳ ಸ್ಪೀಕರ್ ಕಂತು ಅದರಲ್ಲೇ ಕಟ್ಟಬೇಕಿತ್ತು. ವಾಪಸ್ ಬರ್ತಾ ನಾನು ರೇಗಿದೆ: "ಇನ್ನೊಂದು ಗಂಟೆ ಹಾಕಿದ್ರೆ ಏನಾಗ್ತಿತ್ತು?"

📸 6/6
ಅಣ್ಣ ಹೇಳಿದ್ದನ್ನ ಮನೆಗೆ ಬಂದು ಓದಿದೆ. 2000ದ ಶಬ್ದಮಾಲಿನ್ಯ ನಿಯಮ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಾದ್ರೆ ವಿನಾಯಿತಿ ಇದೆ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದ್ರೆ 15 ದಿನ ಮಧ್ಯರಾತ್ರಿವರೆಗೂ ಬಿಡಬಹುದು. ಈ ನಿಯಮವನ್ನ ಸುಪ್ರೀಂ ಕೋರ್ಟ್ 2005ರ ಜುಲೈ 18ರಂದು ಬಿಗಿಗೊಳಿಸಿತು. ಆ ಕೇಸಿಗೆ ಕಾರಣ ಓದಿ ಫೋನ್ ಕೆಳಗಿಟ್ಟೆ. ದೌರ್ಜನ್ಯಕ್ಕೆ ಒಳಗಾದ 13 ವರ್ಷದ ಹುಡುಗಿ ಸಹಾಯಕ್ಕೆ ಕೂಗಿಕೊಂಡಿದ್ದಳು. ಅಕ್ಕಪಕ್ಕದ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಉಳಿಯಲಿಲ್ಲ.

ಡೋಲಿನ ಅಜ್ಜನ ಮಾತು ಆಗ ಅರ್ಥ ಆಯ್ತು. ಬೇರೆ ಸದ್ದನ್ನ ಮುಚ್ಚೋ ಶಕ್ತಿ ಗಟ್ಟಿಮೇಳಕ್ಕೂ ಇದೆ, ನಮ್ಮ ಬೇಸ್‌ಗೂ ಇದೆ. ಅಜ್ಜನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು.

ಈಗ ನಮ್ಮ ಬುಕಿಂಗ್ ಚೀಟೀಲಿ ಮೊದಲ ಸಾಲೇ: "ಬಯಲಲ್ಲಿ ರಾತ್ರಿ 10ಕ್ಕೆ ಬಂದ್." ಎರಡನೇದು ನಾನು ಸೇರಿಸಿದ್ದು: "ವಾಲಗ ಮುಗಿಯೋವರೆಗೂ ಸೌಂಡ್ ಚೆಕ್ ಇಲ್ಲ."

ನಿಮ್ಮ ಮನೇಲಿ ವಾಲಗ ನುಡಿಸಿದವರು ಯಾರಾದ್ರೂ ಇದ್ದಾರಾ? ಕಾಮೆಂಟಲ್ಲಿ ಹೇಳಿ, ಮುಂದಿನ ಸರಣಿ ಅವರದ್ದೇ.

#ಹೆಗ್ಗನಹಳ್ಳಿ #ಬೆಂಗಳೂರುಅರಮನೆ #ವಾಲಗ #ಡಿಜೆಡೈರಿ